ಬೊಂಬೆ ಮೈಯೊಳಗಿನ ಕಾವಲುಗಾರ

ಜಪಾನಿನ ‘ನಾತ್ಸುಮೆ ಯೂಜಿಂಚೊ’ ಅನಿಮೆಯ ನ್ಯಾಂಕೊ ಸೆನ್ಸೇಯನ್ನು ಎಷ್ಟು ನೋಡಿದರೂ ನನಗೆ ಸಾಲದು. ಯುಕಿ ಮಿದೋರಿಕಾವಾ ಅವರ ಮಾಂಗಾ ಆಧರಿಸಿ 2008ರಲ್ಲಿ ತಕಾಹಿರೊ ಓಮೊರಿ ನಿರ್ದೇಶನದಲ್ಲಿ ಶುರುವಾದ ಸರಣಿಯಿದು. ನ್ಯಾಂಕೊ ನಿಜದಲ್ಲಿ ಮದರಾ ಎಂಬ ಮಹಾಬಲದ ಯೋಕಾಯ್ (ಮಾಯಾಜೀವಿ); ಜಪಾನಿನ ಅಂಗಡಿಗಳಲ್ಲಿ ಕೈಯೆತ್ತಿ ಕೂರುವ ಅದೃಷ್ಟದ ಬೆಕ್ಕಿನ ಬೊಂಬೆಯಲ್ಲಿ ಬಂಧಿಯಾಗಿದ್ದ. ಅನಾಥ ಹುಡುಗ ನಾತ್ಸುಮೆ ಗೊತ್ತಿಲ್ಲದೆ ಕಾವಲು ಹಗ್ಗ ಕಡಿದು ಅವನನ್ನು ಬಿಡಿಸಿದ.

ಬಿಡುಗಡೆಯಾದರೂ ಬೊಂಬೆಯ ಮೈ ಬಿಡಲಿಲ್ಲ. ಗುಂಡು ದೇಹ, ಗಿಡ್ಡ ಕಾಲು, ತಲೆಯ ಮೇಲೆ ಕಿತ್ತಳೆ ಮತ್ತು ಬೂದು ಮಚ್ಚೆ, ಕೊರಳಲ್ಲಿ ಗಂಟೆ. ಬಣ್ಣ ಬಳಿದಿಟ್ಟಂಥ ಅರೆಚಂದ್ರ ಕಣ್ಣುಗಳು ಹೆಚ್ಚು ಅಲುಗುವುದೇ ಇಲ್ಲ. ಆದರೂ ತಲೆ ತುಸು ವಾಲಿದರೆ ಸಿಡುಕು ಕಾಣುತ್ತದೆ, ಬೆನ್ನು ತಿರುಗಿಸಿ ಕೂತರೆ ಮುನಿಸು. ಇಷ್ಟು ಕಡಿಮೆ ಗೆರೆಗಳಲ್ಲಿ ಇಷ್ಟು ಭಾವ ತುಂಬಿದ ಚಿತ್ರಕಾರರ ಕೈಗೆ ನಮಸ್ಕಾರ! ಆ ಬೊಂಬೆ ರೂಪದಿಂದಾಗಿಯೇ ಅವನು ಮಾಮೂಲಿ ಜನರ ಕಣ್ಣಿಗೂ ಬೀಳುತ್ತಾನೆ, ಸಾಕುಬೆಕ್ಕಾಗಿ ಮನೆಯೊಳಗೆ ಉಳಿಯುತ್ತಾನೆ. ದೈತ್ಯ ಬಿಳಿ ಮೃಗದ ನಿಜರೂಪ ಅವರಿಗೆ ಕಾಣದು.

ಧ್ವನಿಯಂತೂ ಅದ್ಭುತ. ಧ್ವನಿನಟ ಕಝುಹಿಕೊ ಇನೊಯೆ ಬೆಕ್ಕಿಗೆ ಕರ್ಕಶವಾದ ಮುದಿ ಗಂಟಲು ಕೊಟ್ಟು, ಮದರಾ ಎದ್ದು ನಿಂತಾಗ ಅದನ್ನೇ ಆಳಕ್ಕೆ ಇಳಿಸುತ್ತಾರೆ.

ಹುಡುಗ ಸತ್ತ ಮೇಲೆ ಅವನ ಬಳಿಯಿರುವ, ಯೋಕಾಯ್‌ಗಳ ಹೆಸರುಗಳುಳ್ಳ ‘ಯೂಜಿಂಚೊ’ ಪುಸ್ತಕ ತನಗೆ ಎಂಬ ಕರಾರಿನ ಮೇಲೆ ಕಾವಲಿಗೆ ನಿಂತವನು ಇವನು. ಸಾವಿಗೇ ಕಾಯಬೇಕಾದವನು ಪ್ರತಿ ಅಪಾಯದಲ್ಲೂ ಅಡ್ಡ ನಿಲ್ಲುತ್ತಾನೆ. ಕೇಳಿದರೆ ಪುಸ್ತಕದ ನೆಪ ಹೇಳಿ, ‘ಮಂಜೂ’ ಎಂಬ ಸಿಹಿತಿಂಡಿಗೆ ಬಾಯಿ ಹಾಕುತ್ತಾನೆ.