ನೋವಿಲ್ಲದ ಕತ್ತಿನ ಕಾಯಿಲೆ

ಕತ್ತಿನ ಕಾಯಿಲೆ ಎಂದರೆ ಕತ್ತು ನೋಯಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕತ್ತು ನೋಯುವವರು ಎಕ್ಸ್‌ರೇ ತೆಗೆಸುತ್ತಾರೆ, 'ಸ್ಪಾಂಡಿಲೈಟಿಸ್' ಎನ್ನಿಸಿಕೊಳ್ಳುತ್ತಾರೆ, ಕಾಲರ್ ಹಾಕಿಕೊಂಡು ಓಡಾಡುತ್ತಾರೆ. ಅವರಲ್ಲಿ ಬಹುಪಾಲು ಜನರ ಬೆನ್ನುಹುರಿಗೆ ಏನೂ ಆಗಿರುವುದಿಲ್ಲ. ಬೆನ್ನುಹುರಿ ನಿಜಕ್ಕೂ ಒತ್ತಿಹೋಗುತ್ತಿರುವವರು ಎಷ್ಟೋ ಸಲ ಕತ್ತಿನ ಮಾತೇ ಎತ್ತುವುದಿಲ್ಲ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತಿದೆ, ಬ್ಯಾಂಕಿನಲ್ಲಿ ಸಹಿ ಹೊಂದುತ್ತಿಲ್ಲ ಎನ್ನುತ್ತಾರೆ. ಸೀರೆಯ ನೆರಿಗೆ ಬೆರಳಿನಿಂದ ಜಾರುತ್ತದೆ. ಬಚ್ಚಲಲ್ಲಿ ಕಣ್ಣು ಮುಚ್ಚಿ ಮುಖಕ್ಕೆ ನೀರು ಹಾಕಿಕೊಳ್ಳುವಾಗ ಮೈ ತೂಗಿದಂತಾಗಿ ಗೋಡೆ ಹಿಡಿಯಬೇಕಾಗುತ್ತದೆ. ಇದನ್ನೆಲ್ಲ ಕೇಳಿದ ಮನೆಯವರು 'ವಯಸ್ಸಾಯ್ತಲ್ಲ' ಎನ್ನುತ್ತಾರೆ. ನನ್ನ ತಕರಾರು ಇರುವುದು ಈ ಮಾತಿನ ಮೇಲೆಯೇ.

ನೋವು ಹುಟ್ಟುವುದು ಕತ್ತಿನ ಕೀಲುಗಳಲ್ಲಿ, ಡಿಸ್ಕಿನಲ್ಲಿ, ನರದ ಬೇರುಗಳಲ್ಲಿ. ಬೆನ್ನುಹುರಿಯನ್ನು ನಿಧಾನವಾಗಿ ಅದುಮಿದರೆ ಅದು ನೋಯಲೇಬೇಕೆಂದಿಲ್ಲ. ತನ್ನ ಕೆಲಸವನ್ನು ಸ್ವಲ್ಪಸ್ವಲ್ಪವೇ ಬಿಡುತ್ತ ಹೋಗುತ್ತದೆ. ಕತ್ತಿನ ಮೂಳೆಗಳ ನಡುವೆ ಅದು ಸಾಗುವ ದಾರಿ ಮುಂದಿನಿಂದ ಹಿಂದಕ್ಕೆ ಅಳೆದರೆ ಸುಮಾರು 17 ಮಿಲಿಮೀಟರ್. ಕೆಲವರಿಗೆ ಹುಟ್ಟಿನಿಂದಲೇ ಅದು 13ಕ್ಕಿಂತ ಕಿರಿದು. ವಯಸ್ಸಿನ ಜೊತೆ ಡಿಸ್ಕ್ ಉಬ್ಬುತ್ತದೆ, ಮೂಳೆ ಬೆಳೆಯುತ್ತದೆ, ಹಿಂದಿನ ಅಸ್ಥಿರಜ್ಜು ದಪ್ಪವಾಗುತ್ತದೆ. ಕಾಲಿಗೆ ಹೋಗುವ ಆಜ್ಞೆ ಈ ದಾರಿಯಲ್ಲೇ ಇಳಿಯಬೇಕು, ಪಾದ ಎಲ್ಲಿದೆಯೆಂಬ ಸುದ್ದಿ ಈ ದಾರಿಯಲ್ಲೇ ಏರಬೇಕು. ಹಾಗಾಗಿ ಕತ್ತಿನ ತೊಂದರೆ ಅನೇಕರಲ್ಲಿ ಮೊದಲು ಕಾಣುವುದು ನಡಿಗೆಯಲ್ಲಿ.

ದಾರಿ ತಪ್ಪುವುದು ಇಲ್ಲಿಯೇ. ಕಾಲು ಎಂದ ಕೂಡಲೇ ಸೊಂಟದ ಎಂಆರ್‌ಐ ಬರೆಯಲಾಗುತ್ತದೆ. ಅರವತ್ತು ದಾಟಿದ ಸೊಂಟದಲ್ಲಿ ಸಾಮಾನ್ಯವಾಗಿ ಯಾವುದಾದರೊಂದು ಡಿಸ್ಕ್ ಉಬ್ಬಿರುತ್ತದೆ; ಕಾರಣ ಸಿಕ್ಕಿತೆಂದು ಅಲ್ಲಿಗೆ ನಿಲ್ಲಿಸುತ್ತಾರೆ. ಕೈ ಜೋಮು ಎಂದರೆ ಮಣಿಕಟ್ಟಿನ ನರ, ಇಲ್ಲವೇ ಶುಗರ್, ಇಲ್ಲವೇ ಬಿ-12 ಇಂಜೆಕ್ಷನ್. ಇವನ್ನು ಪರೀಕ್ಷಿಸುವುದು ಸರಿ. ಬಿ-12 ಕೊರತೆಯೂ ಬೆನ್ನುಹುರಿಯನ್ನು ಕೆಡಿಸುತ್ತದೆ. ಪರೀಕ್ಷೆ ಅಷ್ಟಕ್ಕೇ ಮುಗಿದರೆ ಮಾತ್ರ ತಪ್ಪು. ಸಣ್ಣ ರಬ್ಬರ್ ಸುತ್ತಿಗೆಯೊಂದು ಇಲ್ಲಿ ಎಷ್ಟೋ ಹೇಳಬಲ್ಲದು. ಶುಗರಿನಿಂದ ನರ ಸೋತವರಲ್ಲಿ, ಸೊಂಟದಲ್ಲಿ ನರ ಸಿಕ್ಕಿಕೊಂಡವರಲ್ಲಿ ಸುತ್ತಿಗೆಯಿಂದ ತಟ್ಟಿದಾಗ ಕಾಲು ಮಂದವಾಗಿ ಅಲುಗುತ್ತದೆ, ಅಥವಾ ಅಲುಗುವುದೇ ಇಲ್ಲ. ಕತ್ತಿನಲ್ಲಿ ಹುರಿ ಒತ್ತಿಹೋಗಿದ್ದರೆ ಮಂಡಿಯ ಕೆಳಗೆ ತಟ್ಟಿದೊಡನೆ ಕಾಲು ಜೋರಾಗಿ ಚಿಮ್ಮುತ್ತದೆ. ಎರಡೂ ಕಾಯಿಲೆ ಒಟ್ಟಿಗಿದ್ದರೆ ಶುಗರು ಆ ಚಿಮ್ಮುವಿಕೆಯನ್ನು ಮರೆಮಾಚಬಹುದು; ಆಗ ಇನ್ನಷ್ಟು ಎಚ್ಚರ ಬೇಕು.

ಜಪಾನಿನ ಮೂಳೆವೈದ್ಯರ ಸಂಘ 1975ರಲ್ಲಿ ಕತ್ತಿನಲ್ಲಿ ಹುರಿ ಒತ್ತಿಹೋಗುವ ಈ ಕಾಯಿಲೆಗೆಂದು 17 ಅಂಕಗಳ ಮಾಪನವೊಂದನ್ನು ರೂಪಿಸಿತು. ಚಾಪ್‌ಸ್ಟಿಕ್ ಹಿಡಿದು ಉಣ್ಣಬಲ್ಲಿರಾ, ಆಸರೆಯಿಲ್ಲದೆ ಮೆಟ್ಟಿಲು ಹತ್ತಿಳಿಯಬಲ್ಲಿರಾ, ಸ್ಪರ್ಶ ತಿಳಿಯುತ್ತದೆಯೇ, ಮೂತ್ರ ಸರಾಗವೇ ಎಂದು ಅದು ಕೇಳುತ್ತದೆ. ನೋವಿಗೆ ಅದರಲ್ಲಿ ಒಂದೇ ಒಂದು ಅಂಕವಿಲ್ಲ. ನಮ್ಮ ಹೊರರೋಗಿ ವಿಭಾಗಗಳಲ್ಲಿ ಮೊದಲ ಪ್ರಶ್ನೆಯೇ 'ಎಲ್ಲಿ ನೋವು?' ಆ ಪ್ರಶ್ನೆಗೆ ಈ ರೋಗಿಯ ಬಳಿ ಉತ್ತರವಿಲ್ಲದೆ ಹೋಗಬಹುದು. ಅನ್ನ ಕಲಸಿ ತುತ್ತು ಮಾಡಲು ಬರುತ್ತದೆಯೇ ಎಂದು ಕೇಳಿದರೆ ಅವರು ತಾವಾಗಿಯೇ ಎಲ್ಲ ಹೇಳಿಯಾರು. ಇನ್ನೊಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಿ ನೋಡಬಹುದು: ಮುಷ್ಟಿ ಬಿಗಿದು ಬೆರಳುಗಳನ್ನು ಪೂರ್ತಿ ಬಿಚ್ಚುವುದನ್ನು ಆರೋಗ್ಯವಂತರು 10 ಸೆಕೆಂಡಿನಲ್ಲಿ 20 ಸಲ ಮಾಡಬಲ್ಲರು. ಅದಕ್ಕಿಂತ ತೀರ ಕಡಿಮೆಯಾದರೆ, ಅಥವಾ ಬೆರಳು ಜೋಡಿಸಿ ಚಾಚಿದಾಗ ಕಿರುಬೆರಳು ತಾನಾಗಿ ದೂರ ಸರಿದರೆ, ನರರೋಗ ತಜ್ಞರಿಗೆ ತೋರಿಸಬೇಕು. ತಲೆ ಬಗ್ಗಿಸಿದಾಗ ಬೆನ್ನಗುಂಟ ಕರೆಂಟು ಹರಿದಂತಾದರೂ ಅಷ್ಟೇ. ಇಂಥ ಅನುಮಾನವಿರುವಾಗ ಕ್ಷೌರದಂಗಡಿಯಲ್ಲಿ ಕತ್ತು ತಿರುವಿ ನೆಟಿಗೆ ತೆಗೆಸುವುದಂತೂ ಕೂಡದು.

ಹಾಗೆಂದು ಎಲ್ಲರೂ ಕತ್ತಿನ ಎಂಆರ್‌ಐ ತೆಗೆಸಿ ಎಂದು ನಾನು ಹೇಳುತ್ತಿಲ್ಲ. ಯಾವ ಲಕ್ಷಣವೂ ಇಲ್ಲದ ಅನೇಕರ ಚಿತ್ರದಲ್ಲಿಯೂ ಹುರಿ ಒತ್ತಿಹೋದಂತೆ ಕಾಣುತ್ತದೆ. ಕೈಕಾಲಿನ ಕತೆಯೂ ಚಿತ್ರವೂ ಒಂದಕ್ಕೊಂದು ತಾಳೆಯಾಗಬೇಕು.

'ಕತ್ತಿನ ಆಪರೇಷನ್ ಮಾಡಿಸಿದರೆ ಹಾಸಿಗೆ ಹಿಡಿಯೋದೇ' ಎಂಬ ಹೆದರಿಕೆಯನ್ನೂ ಒಪ್ಪಲಾರೆ. ಅಪಾಯವಿಲ್ಲದ ಶಸ್ತ್ರಚಿಕಿತ್ಸೆ ಯಾವುದೂ ಇಲ್ಲ, ನಿಜ. ಆದರೆ 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮಧ್ಯಮ ಮತ್ತು ತೀವ್ರ ಹಂತದವರಿಗೆ ಶಸ್ತ್ರಚಿಕಿತ್ಸೆಯನ್ನೇ ಸೂಚಿಸುತ್ತದೆ. ಸೌಮ್ಯ ಹಂತದವರು ತಜ್ಞರ ನಿಗಾದಲ್ಲಿ ವ್ಯಾಯಾಮ ಚಿಕಿತ್ಸೆಯನ್ನು ಪ್ರಯತ್ನಿಸಿ ನೋಡಬಹುದು. ಆಪರೇಷನ್ನಿನ ಮೊದಲ ಗುರಿ ಹಾನಿ ಮುಂದುವರಿಯದಂತೆ ತಡೆಯುವುದು. ಕಳೆದುಕೊಂಡ ಬಲ ಎಷ್ಟು ಮರಳುತ್ತದೆ ಎಂಬುದು ಬಹುಮಟ್ಟಿಗೆ ಹುರಿ ಎಷ್ಟು ಕಾಲ ಒತ್ತಿಹೋಗಿತ್ತು ಎಂಬುದರ ಮೇಲೆ ನಿಂತಿದೆ. ನಡಿಗೆ ದಿನೇದಿನೇ ಕೆಡುತ್ತಿದ್ದರೆ, ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಇಲ್ಲವೇ ಬಿದ್ದು ಗಲ್ಲಕ್ಕೆ ಪೆಟ್ಟಾದ ಮೇಲೆ ಕೈ ಬಲ ಇದ್ದಕ್ಕಿದ್ದಂತೆ ಕುಸಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು, ಕತ್ತು ನೋಯಲಿ ಬಿಡಲಿ.