ನೆರೆನಾಡಿನ ವಿದ್ಯಾರ್ಥಿ: ಗೂಗಿಯವರ ಮಕೆರೆರೆ ಸ್ಮರಣೆಗಳು

ವಿದ್ಯಾರ್ಜನೆಗಾಗಿ ನಾಡು ಬಿಟ್ಟವನಿಗೆ ಪರದೇಶವೆಂಬುದು ಎಲ್ಲಿ ಮೊದಲಾಗುತ್ತದೆ? ಗಡಿಯಲ್ಲಿಯೋ, ಊಟದ ಮನೆಯಲ್ಲಿಯೋ, ಪಾಠದ ಪುಸ್ತಕದಲ್ಲಿಯೋ? ಕೀನ್ಯ ದೇಶದ ಕಾದಂಬರಿಕಾರರಾದ ಗೂಗಿ ವಾ ಥಿಯಾಂಗೊ (1938-2025) ಅವರ ‘ಬರ್ತ್ ಆಫ್ ಎ ಡ್ರೀಮ್ ವೀವರ್’ ಎಂಬ ಗ್ರಂಥವು ಈ ಪ್ರಶ್ನೆಗೆ ವಿಚಾರಯೋಗ್ಯವಾದ ಉತ್ತರವನ್ನು ಕೊಡುತ್ತದೆ. ಕನಸು ನೇಯುವವನ ಜನನ ಎಂಬುದು ಹೆಸರಿನ ಅರ್ಥ. 2016ರಲ್ಲಿ ಪ್ರಕಟವಾದ ಇದು ಅವರ ಆತ್ಮಕಥನದ ಮೂರನೆಯ ಸಂಪುಟ. ಉಗಾಂಡದ ಕಂಪಾಲಾ ನಗರದ ಮಕೆರೆರೆ ಕಾಲೇಜಿನಲ್ಲಿ 1959ರಿಂದ 1964ರ ವರೆಗೆ ಕಳೆದ ದಿನಗಳೇ ಇದರ ವಸ್ತು.

1922ರಲ್ಲಿ ಕೈಗಾರಿಕೆಯ ಶಾಲೆಯಾಗಿ ಆರಂಭವಾದ ಮಕೆರೆರೆಯು 1949ರಲ್ಲಿ ಲಂಡನ್ ವಿಶ್ವವಿದ್ಯಾನಿಲಯಕ್ಕೆ ಸಂಬಂಧಪಟ್ಟ ಕಾಲೇಜಾಯಿತು. ಪೂರ್ವ ಆಫ್ರಿಕದ ಹಲವು ಸೀಮೆಗಳ ತರುಣರು ಅಲ್ಲಿ ಕಲೆಯುತ್ತಿದ್ದರು. ಗೂಗಿಯವರು ಬಿಟ್ಟು ಬಂದ ಕೀನ್ಯದಲ್ಲಿ ಫಲವತ್ತಾದ ಎತ್ತರದ ಭೂಮಿ ಬಿಳಿಯ ವಲಸೆಗಾರರ ವಶವಾಗಿತ್ತು. 1952ರಿಂದ ತುರ್ತುಪರಿಸ್ಥಿತಿ ನಡೆದಿತ್ತು. 1959ರ ಮಾರ್ಚಿಯಲ್ಲಿ ಹೋಲಾ ಶಿಬಿರದ 11 ಮಂದಿ ಬಂದಿಗಳನ್ನು ಹೊಡೆದು ಕೊಂದಿದ್ದರು. ಉಗಾಂಡವೂ ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿದ್ದರೂ ಅಲ್ಲಿನ ನೆಲ ಬಹುಮಟ್ಟಿಗೆ ನಾಡವರ ಕೈಯಲ್ಲಿಯೇ ಉಳಿದಿತ್ತು. ಆದಕಾರಣ ಈ ತರುಣನಿಗೆ ಹುಟ್ಟಿದ ನೆಲಕ್ಕಿಂತ ನೆರೆಯ ನೆಲವೇ ನಿರಾತಂಕವಾಗಿ ಉಸಿರಾಡುವ ತಾಣವಾಯಿತು. ಗ್ರಂಥದ ಮೊದಲನೆಯ ಸ್ವಾರಸ್ಯವಿರುವುದು ಇಲ್ಲಿ.

ನಿತ್ಯಜೀವನದ ಚಿತ್ರಗಳಲ್ಲಿ ಹಾಸ್ಯಕ್ಕೂ ಎಡೆಯಿದೆ. ಇಂಗ್ಲಿಷ್ ವಿಭಾಗದ ‘ಪೆನ್‌ಪಾಯಿಂಟ್’ ಪತ್ರಿಕೆಗೆ ಸಂಬಂಧಿಸಿದ ಹಿರಿಯ ವಿದ್ಯಾರ್ಥಿಯೊಬ್ಬರು ಎದುರಾದಾಗ, ಕಥೆಯೊಂದನ್ನು ಬರೆದಿರುವೆನೆಂದು ಗೂಗಿಯವರು ಹೇಳಿಬಿಡುತ್ತಾರೆ. ಕಥೆ ಬರೆದೇ ಇರಲಿಲ್ಲ! ಆಡಿದ ಮಾತನ್ನು ಉಳಿಸಿಕೊಳ್ಳಲು ಬರೆಯಲೇಬೇಕಾಯಿತು. ಹಾಗೆ ಒಬ್ಬ ಕಥೆಗಾರನು ಹುಟ್ಟಿದನು. ವಿದ್ಯಾರ್ಥಿದೆಸೆಯಲ್ಲಿಯೇ ಅವರು ಗೃಹಸ್ಥರೂ ತಂದೆಯೂ ಆದರು. ಓದು, ಸಂಸಾರ, ಬರವಣಿಗೆ ಮೂರನ್ನೂ ಒಂದೇ ಹೆಗಲಿನಲ್ಲಿ ಹೊತ್ತ ಕಥೆ ಇದು.

ವಿದ್ಯಾರ್ಥಿನಿಲಯಗಳ ನಡುವಣ ನಾಟಕಸ್ಪರ್ಧೆಯ ಪ್ರಸಂಗವು ಇನ್ನೂ ಗಂಭೀರವಾದುದು. ಗೂಗಿಯವರ ನಾಟಕದಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬನು ಬಂದಿಯ ಪತ್ನಿಯ ಮಾನಭಂಗ ಮಾಡುತ್ತಾನೆ. ಅಂಥ ಅಧಿಕಾರಿ ಅಂಥದನ್ನು ಮಾಡಲಾರನೆಂಬ ಕಾರಣದಿಂದ ಕಂಪಾಲಾದ ರಾಷ್ಟ್ರೀಯ ರಂಗಮಂದಿರದ ಬಾಗಿಲು ಅದಕ್ಕೆ ಮುಚ್ಚಿತು. 1962ರ ಅಕ್ಟೋಬರ್ 9ರಂದು ಉಗಾಂಡ ಸ್ವತಂತ್ರವಾಯಿತು. ನವೆಂಬರಿನಲ್ಲಿ ಅದೇ ರಂಗದ ಮೇಲೆ ಅವರ ‘ದಿ ಬ್ಲ್ಯಾಕ್ ಹರ್ಮಿಟ್’ ನಡೆಯಿತು. ಆದರೂ ಮೊದಲಿನ ಗಾಯ ಮಾಯಲಿಲ್ಲವೆಂಬುದಕ್ಕೆ ಗ್ರಂಥವೇ ಸಾಕ್ಷಿ.

ಹಾಗಾದರೆ ಪರದೇಶವಿದ್ದುದು ಎಲ್ಲಿ? ಪಾಠದ ಭಾಷೆಯಲ್ಲಿ. 1962ರ ಜೂನಿನಲ್ಲಿ ಮಕೆರೆರೆಯಲ್ಲಿಯೇ ಇಂಗ್ಲಿಷಿನಲ್ಲಿ ಬರೆಯುವ ಆಫ್ರಿಕದ ಲೇಖಕರ ಸಮ್ಮೇಳನ ಸೇರಿತು. ಬಿಡಿಕಥೆಗಳನ್ನಷ್ಟೇ ಪ್ರಕಟಿಸಿದ್ದ ವಿದ್ಯಾರ್ಥಿ ಗೂಗಿಗೆ ಅಲ್ಲಿ ಆಸನ ದೊರೆಯಿತು. ಸ್ವಾಹಿಲಿಯ ಮಹಾಕವಿ ಶಾಬಾನ್ ರಾಬರ್ಟರಿಗೆ ಕರೆಯೇ ಹೋಗಲಿಲ್ಲ. ಈ ಅನ್ಯಾಯವನ್ನು ಗೂಗಿಯವರೇ 1986ರ ತಮ್ಮ ಪ್ರಬಂಧಗ್ರಂಥದಲ್ಲಿ ಎತ್ತಿ ತೋರಿಸಿದರು. ಅಷ್ಟರೊಳಗೆ ಅವರು ತಾಯ್ನುಡಿಯಾದ ಗಿಕುಯುವಿಗೆ ಮರಳಿದ್ದರು. ಸೆರೆಮನೆಯಲ್ಲಿ ಶೌಚದ ಕಾಗದದ ಮೇಲೆ ಬರೆದ ಗಿಕುಯು ಕಾದಂಬರಿಯು 1980ರಲ್ಲಿ ಅಚ್ಚಾಗಿತ್ತು.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ವಸಾಹತು ಆಡಳಿತದ ಇತಿಹಾಸವು ವಿಸ್ತಾರವಾದೆಡೆಗಳಲ್ಲಿ ವಿದ್ಯಾರ್ಥಿಯ ದಿನಚರಿ ಮರೆಯಾಗುತ್ತದೆ. ಕೊಠಡಿ, ಊಟ, ಗೆಳೆತನಗಳ ವಿಷಯವಾಗಿ ಇನ್ನಷ್ಟು ತಿಳಿಯಬೇಕೆಂಬ ವಾಚಕರ ಆಸೆ ಉಳಿದುಹೋಗುತ್ತದೆ. ತಾಯ್ನುಡಿಯ ವ್ರತವನ್ನು ತೊಟ್ಟವರು ತಮ್ಮ ಬಾಳಿನ ಕಥೆಯನ್ನು ಇಂಗ್ಲಿಷಿನಲ್ಲಿಯೇ ಹೇಳಿರುವುದು ಕೊರತೆಯೆಂದು ಕೆಲವರಿಗೆ ತೋರಬಹುದು. ಆದರೆ ಆ ವಿರೋಧವೇ ಮಕೆರೆರೆಯ ವಿದ್ಯೆಯ ಗುಣವನ್ನೂ ಋಣವನ್ನೂ ಏಕಕಾಲದಲ್ಲಿ ತೋರಿಸುತ್ತದೆ. ಆ ವಿದ್ಯೆ ಅವರಿಗೆ ಲೇಖನಿಯನ್ನು ಕೊಟ್ಟಿತು. ಬರೆಯಬೇಕಾದ ನುಡಿಯನ್ನು ಅವರು ತಾವೇ ಹುಡುಕಿಕೊಳ್ಳಬೇಕಾಯಿತು. ಮಕ್ಕಳನ್ನು ದೂರದ ಕಾಲೇಜುಗಳಿಗೆ ಕಳುಹಿಸುವ ಮನೆಗಳಲ್ಲಿ ಓದಿ ಚರ್ಚಿಸಲು ಯೋಗ್ಯವಾದ ಗ್ರಂಥವಿದು.