ಯಜಮಾನನ ಪೀಠ, ಮಗನ ಕ್ಯಾಮೆರಾ: ಫುಕಾಸೆಯ ‘ಕುಟುಂಬ’ ಚಿತ್ರಮಾಲೆಯ ವಿವೇಚನೆ

ಮನೆಮಂದಿಯೆಲ್ಲ ಸೇರಿ ತೆಗೆಸಿಕೊಳ್ಳುವ ಛಾಯಾಚಿತ್ರವು ಮೇಲ್ನೋಟಕ್ಕೆ ವಾತ್ಸಲ್ಯದ ಸ್ಮಾರಕದಂತೆ ತೋರುತ್ತದೆ. ಪರೀಕ್ಷಿಸಿ ನೋಡಿದರೆ ಅದೊಂದು ಅಧಿಕಾರಪತ್ರವೂ ಹೌದು. ನಡುವೆ ಕುರ್ಚಿಯ ಮೇಲೆ ಯಜಮಾನ, ಬಳಿಯಲ್ಲಿ ಹಿರಿಯ ಮಗ, ಹಿಂದೆ ಸೊಸೆಯರು, ನೆಲದ ಮೇಲೆ ಮಕ್ಕಳು: ಯಾರು ಎಲ್ಲಿರಬೇಕೆಂಬುದನ್ನು ಛಾಯಾಗ್ರಾಹಕನಿಗಿಂತ ಮೊದಲೇ ಮನೆತನವು ನಿರ್ಣಯಿಸಿರುತ್ತದೆ. ನಮ್ಮ ಹಳೆಯ ಮನೆಗಳ ಪಡಸಾಲೆಯ ಪಟಗಳನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಈ ಅಧಿಕಾರಪತ್ರವನ್ನೇ ಕೈಗೆತ್ತಿಕೊಂಡು ಪಿತೃಪ್ರಾಧಾನ್ಯವನ್ನು ವಿಚಾರಣೆಗೆ ಗುರಿಮಾಡಿದವನು ಜಪಾನಿನ ಮಸಾಹಿಸ ಫುಕಾಸೆ (1934–2012).

ಫುಕಾಸೆ ಹೊಕ್ಕೈಡೊ ದ್ವೀಪದ ಬಿಫುಕ ಎಂಬ ಸಣ್ಣ ಊರಿನವನು. ತಾತನ ಕಾಲದಿಂದ ಬಂದ ಛಾಯಾಚಿತ್ರದ ಅಂಗಡಿಗೆ ಹಿರಿಯ ಮಗನಾದ ಅವನೇ ವಾರಸುದಾರ. ಆದರೆ ವಿದ್ಯೆಗಾಗಿ ಟೋಕಿಯೊಗೆ ಹೋದವನು ಅಲ್ಲಿಯೇ ನೆಲಸಿದನು. ಅಂಗಡಿಯ ಭಾರ ತಮ್ಮನ ಹೆಗಲಿಗೆ ಬಿತ್ತು. 1898ರ ಜಪಾನೀ ಸಂಹಿತೆಯು ಮನೆಯ ಯಜಮಾನನಿಗೆ ಕುಟುಂಬದವರ ವಿವಾಹ ನಿವಾಸಗಳ ಮೇಲೆಯೂ ಹಿಡಿತವನ್ನು ಕೊಟ್ಟಿತ್ತು. ಯುದ್ಧಾನಂತರ, 1947ರ ತಿದ್ದುಪಡಿ ಅದನ್ನು ರದ್ದುಗೊಳಿಸಿತು. ಆದರೆ ಕಾನೂನಿನಿಂದ ತೊಲಗಿದ ಪದ್ಧತಿ ಮನಸ್ಸಿನಿಂದಲೂ ಪಟದಿಂದಲೂ ಅಷ್ಟು ಬೇಗ ತೊಲಗುವುದಿಲ್ಲ. ಫುಕಾಸೆಯ ಕೃತಿಗೆ ವಸ್ತುವಾದುದು ಈ ಉಳಿಕೆಯೇ.

1971ರಲ್ಲಿ ಅವನು ಊರಿಗೆ ಮರಳಿ, ತಂದೆಯ ಅಂಗಡಿಯಲ್ಲಿಯೇ, ಅಲ್ಲಿನ ಮರದ ದೊಡ್ಡ ಕ್ಯಾಮೆರಾದಿಂದಲೇ ಮನೆಯವರ ಚಿತ್ರ ತೆಗೆಯಲಾರಂಭಿಸಿದನು. ಅಂತಹ ಕ್ಯಾಮೆರಾದ ಹಿಂಬದಿಯ ಮಸುಕು ಗಾಜಿನಲ್ಲಿ ಬಿಂಬವು ತಲೆಕೆಳಗಾಗಿ ಮೂಡುತ್ತದೆ. ಇಡೀ ಮನೆತನವನ್ನು ತಲೆಕೆಳಗಾಗಿ ಕಂಡ ಮೇಲೆಯೇ ಗುಂಡಿಯನ್ನು ಒತ್ತಬೇಕು. ಫುಕಾಸೆಯ ದೃಷ್ಟಿಗೆ ಇದಕ್ಕಿಂತ ಒಪ್ಪುವ ಉಪಕರಣ ದೊರೆಯುವುದು ಕಷ್ಟ. ಸಂಪ್ರದಾಯದಂತೆ ಸಾಲಾಗಿ ಕುಳಿತ ಬಂಧುಗಳ ನಡುವೆ ಅವನ ಪತ್ನಿ ಯೋಕೊ ಸೊಂಟಕ್ಕೆ ಮಾತ್ರ ಬಟ್ಟೆ ಸುತ್ತಿ ನಿಂತಳು. ಮುಂದೆ ಅವಳ ಸ್ಥಾನಕ್ಕೆ ಬೇರೆ ಸ್ತ್ರೀಯರು ಬಂದರು. ಮರ್ಯಾದೆಯ ಚಿತ್ರ ಹೀಗೆ ಪ್ರಹಸನವಾಯಿತು.

ಹತ್ತು ವರ್ಷಗಳ ವಿರಾಮದ ಬಳಿಕ, 1985ರಲ್ಲಿ, ಮಾಲೆ ಮುಂದುವರಿದಾಗ ಪ್ರಹಸನದ ಧ್ವನಿ ಕುಗ್ಗಿತು. ತಂದೆ ಸುಕೆಜೊ ಮತ್ತು ಮಗ ಇಬ್ಬರೂ ಎದೆಯ ಮೇಲೆ ಬಟ್ಟೆಯಿಲ್ಲದೆ ಜೊತೆಯಾಗಿ ನಿಂತ ಚಿತ್ರವೊಂದುಂಟು. ಯಜಮಾನಿಕೆಯ ಉಡುಪನ್ನು ಕಳಚಿದೊಡನೆ ಉಳಿದುದು ಮುದಿದೇಹ. ಅದರ ಪಕ್ಕದಲ್ಲಿ ಅದೇ ದಾರಿ ಹಿಡಿದಿರುವ ನಡುವಯಸ್ಸಿನ ದೇಹ. ಪೌರುಷವೆಂಬುದು ಪೀಠದಲ್ಲಿದೆಯೇ ಹೊರತು ಮಾಂಸದಲ್ಲಿಲ್ಲವೆಂದು ಈ ಚಿತ್ರ ಯಾವ ಉದ್ಘೋಷಣೆಯೂ ಇಲ್ಲದೆ ತಿಳಿಸುತ್ತದೆ. 1987ರಲ್ಲಿ ತಂದೆ ತೀರಿಕೊಂಡನು; ಅನಂತರ ಅವನ ಸ್ಥಾನದಲ್ಲಿ ಚೌಕಟ್ಟಿನ ಭಾವಚಿತ್ರವಿದೆ. 1989ರಲ್ಲಿ ಅಂಗಡಿಯೂ ಮುಚ್ಚಿತು. 1991ರಲ್ಲಿ ಚಿತ್ರಮಾಲೆ ಗ್ರಂಥರೂಪದಲ್ಲಿ ಹೊರಬಂದಿತು.

ಇಷ್ಟಕ್ಕೇ ಪ್ರಶಂಸೆಯನ್ನು ನಿಲ್ಲಿಸಿದರೆ ವಿಮರ್ಶೆ ಅರ್ಧವಾದಂತೆ. ತಂದೆಯ ಪೀಠವನ್ನು ಅಲುಗಿಸಲು ಮಗನು ಬಳಸಿದುದು ಯಾರ ದೇಹವನ್ನು? ಆ ಬೇರೆ ಸ್ತ್ರೀಯರು ಆ ಮನೆಯವರಲ್ಲ. ಅಲ್ಲಿಯ ವಾರಸಿನಲ್ಲಾಗಲಿ ಕಲಹದಲ್ಲಾಗಲಿ ಅವರಿಗೆ ಪಾಲಿಲ್ಲ. ಸೊಸೆಯಾದ ಯೋಕೊಳಿಗೂ ಅಲ್ಲಿ ಕೇವಲ ಪಾತ್ರವಿತ್ತು, ಮಾತಿರಲಿಲ್ಲ. 1973ರಲ್ಲಿ ಅವಳು ಪ್ರತಿದಿನ ಮುಂಜಾನೆ ಕೆಲಸಕ್ಕೆ ಹೊರಡುವಾಗ ಫುಕಾಸೆ ಮಹಡಿಯ ಕಿಟಕಿಯಿಂದ ಅವಳ ಚಿತ್ರ ತೆಗೆಯುತ್ತಿದ್ದನು. ಅದೇ ವರ್ಷ ಅವಳು ಬರೆದ ಲೇಖನದಲ್ಲಿ, ಪತಿ ತನ್ನನ್ನು ಮಸೂರದ ಮೂಲಕವಷ್ಟೇ ಕಂಡನೆಂದೂ ಆ ಚಿತ್ರಗಳಲ್ಲಿರುವುದು ಅವನೇ ಎಂದೂ ಆಕ್ಷೇಪಿಸಿದಳು. 1976ರಲ್ಲಿ ವಿಚ್ಛೇದನವಾಯಿತು. ಅವಳ ಆಕ್ಷೇಪವನ್ನು ಸಂಸಾರದ ಜಗಳವೆಂದು ತಳ್ಳಿಹಾಕುವಂತಿಲ್ಲ. ಈ ಚಿತ್ರಮಾಲೆಗೆ ಮೊದಲು ದೊರೆತ ಯೋಗ್ಯ ವಿಮರ್ಶಾಸೂತ್ರವೇ ಅದು. ಯಾರು ಎಲ್ಲಿ, ಎಷ್ಟು ಉಟ್ಟು ನಿಲ್ಲಬೇಕೆಂದು ವಿಧಿಸುವ ಹಕ್ಕು ತಂದೆಯ ಕುರ್ಚಿಯಿಂದ ಮಗನ ಕ್ಯಾಮೆರಾಕ್ಕೆ ವರ್ಗವಾಯಿತೇ ಹೊರತು ಇಲ್ಲವಾಗಲಿಲ್ಲ.

ಆದರೂ ಫುಕಾಸೆಯ ಸಾಧನೆಯನ್ನು ಅಲ್ಲಗಳೆಯಲಾಗದು. ತಾನೂ ಅದೇ ಸಾಲಿನಲ್ಲಿ ನಿಂತು, ತನ್ನ ಮೈಯನ್ನೂ ಅದೇ ಬೆಳಕಿಗೆ ಒಡ್ಡಿದನೆಂಬುದು ಅವನ ಪ್ರಾಮಾಣಿಕತೆಗೆ ಸಾಕ್ಷಿ. ಊರನ್ನೂ ವಾರಸನ್ನೂ ಬಿಟ್ಟು ನಗರ ಸೇರಿದ ಹಿರಿಯ ಮಕ್ಕಳು ಪಿತೃಪ್ರಾಧಾನ್ಯವನ್ನೂ ಅಲ್ಲಿಯೇ ಬಿಟ್ಟುಬಂದೆವೆಂದು ನಂಬುವುದುಂಟು. ಅದು ಅವರ ಸಾಮಾನಿನೊಡನೆಯೇ ಬಂದಿದೆಯೆಂಬುದನ್ನು ಈ ಚಿತ್ರಮಾಲೆ, ತನ್ನ ಕರ್ತೃವನ್ನೂ ಬಿಡದೆ, ಕಾಣಿಸಿಕೊಡುತ್ತದೆ.